ಘಟ್ಟದಾಚೆಯ ತಾಯಂದಿರು

ಅಜ್ಜ ಹತ್ತನೆಯ ತಲೆಮಾರಿಗೆ ಬರುವಷ್ಟರಲ್ಲಿ ನನ್ನ ಕಾಗದ ಮುಗಿದುಹೋಗಿತ್ತು. ಸಾಮಾನ್ಯವಾಗಿ ನನಗೆ ಮೂರು ತಲೆಮಾರು ಸಾಕು. ಪೂರ್ವ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ನಾನು ಜೆನೆಟಿಕ್ ಕೌನ್ಸೆಲರ್. ಮನೆತನಗಳಲ್ಲಿ ಇಳಿದು ಬರುವ ಕಾಯಿಲೆಗಳ ಜಾಡು ಹಿಡಿಯುವುದು ನನ್ನ ಕೆಲಸ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ತೀರಿಕೊಂಡವರ ಮೇಲೆ ಓರೆಗೆರೆ, ಕಾಯಿಲೆ ಇದ್ದವರಿಗೆ ಒಳಗೆ ಕಪ್ಪು. ಬರುವವರಲ್ಲಿ ಹೆಚ್ಚಿನವರಿಗೆ ಅಜ್ಜನ ಅಪ್ಪನ ಹೆಸರೇ ಗೊತ್ತಿರುವುದಿಲ್ಲ, ನಾನೇ ಕೆದಕಿ ಕೆದಕಿ ಕೇಳಬೇಕು. ಈ ಅಜ್ಜ ಮಾತ್ರ ಎರಡೂ ಕೈ ಮಂಡಿಯ ಮೇಲಿಟ್ಟು, ಕಣ್ಣು ಮುಚ್ಚಿ, ಮಗ್ಗಿ ಒಪ್ಪಿಸುವವರ ಹಾಗೆ ಹೇಳುತ್ತಲೇ ಇದ್ದರು.

ಅವರು ಅಲ್ಬೇನಿಯಾದ ಉತ್ತರದ ಬೆಟ್ಟಗಳವರು. ಆ ಬೆಟ್ಟಗಳಲ್ಲಿ ಒಂದೊಂದು ಕಣಿವೆಗೆ ಒಂದೊಂದು ಬುಡಕಟ್ಟು, ಒಬ್ಬ ಮೂಲಪುರುಷನಿಂದ ಹುಟ್ಟಿಬಂದ ಒಂದೊಂದು ಕುಲ. ಇವರ ಕುಲದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅವರಿರುವ ಬಾರ್ಕಿಂಗಿನ ಅರ್ಧ ಜನಕ್ಕೆ ಮನೆ ಯಾವುದೆಂದು ಗೊತ್ತಾಗಿಬಿಡುತ್ತದೆ. ಜೊತೆಗೆ ಬಂದಿದ್ದ ಮಗಳು ನಲವತ್ತರ ಆಸುಪಾಸಿನವರು, ಒಂದು ಸ್ಕೂಲಿನ ಅಡುಗೆಮನೆಯಲ್ಲಿ ಕೆಲಸ. ಆಸ್ಪತ್ರೆಯ ನಿಯಮದ ಪ್ರಕಾರ ಮನೆಯವರೇ ಅನುವಾದ ಮಾಡುವ ಹಾಗಿಲ್ಲ, ಅದಕ್ಕೆ ದುಭಾಷಿ ಒಬ್ಬರನ್ನು ಕರೆಸಿದ್ದೆವು. ಪಾಪ, ಆಕೆ ಅದೇ ದೇಶದ ದಕ್ಷಿಣದ ಪೇಟೆಯವರು. ಬೆಟ್ಟದ ಮಾತು ಅರ್ಧಂಬರ್ಧ ಅರ್ಥವಾಗಿ ಅಜ್ಜನನ್ನು ಮತ್ತೆ ಮತ್ತೆ ತಡೆದು ಕೇಳುತ್ತಿದ್ದರು. ಮೈಸೂರಿನವರನ್ನು ತಂದು ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ನಿಲ್ಲಿಸಿದ ಹಾಗಿತ್ತು ಆಕೆಯ ಫಜೀತಿ.

ಅವರೆಲ್ಲ ಬಂದದ್ದು ಅಜ್ಜನ ಮೊಮ್ಮಗಳಿಗಾಗಿ. ಒಂಬತ್ತು ವರ್ಷದ ಆ ಹುಡುಗಿ ಸ್ಕೂಲಿನವರ ಜೊತೆ ಈಜುಕೊಳಕ್ಕೆ ಹೋದವಳು ನೀರಿನಲ್ಲೇ ಪ್ರಜ್ಞೆ ತಪ್ಪಿದ್ದಳು. ಕಾವಲಿಗಿದ್ದವರು ಹಾರಿ ಎತ್ತಿದ್ದರಿಂದ ಉಳಿದಳು. ಹೃದಯ ಒಮ್ಮೆ ಬಡಿದ ಮೇಲೆ ಮತ್ತೆ ಸಜ್ಜಾಗಲು ಒಂದು ಚೂರು ಹೊತ್ತು ಬೇಕು. ಕೆಲವರಲ್ಲಿ ಹುಟ್ಟಿನಿಂದಲೇ ಆ ಹೊತ್ತು ಸ್ವಲ್ಪ ಉದ್ದ. ಅಂಥವರು ಓಡುವಾಗ, ಅದರಲ್ಲೂ ತಣ್ಣೀರಿನಲ್ಲಿ ಈಜುವಾಗ, ತಾಳ ತಪ್ಪಿ ಹೃದಯ ನಿಂತೇಹೋಗಬಹುದು. ದಿನಾ ಮಾತ್ರೆ ತೆಗೆದುಕೊಂಡು, ನೀರಿನಿಂದ ದೂರ ಇದ್ದರೆ ಹೆಚ್ಚಿನವರು ನೆಮ್ಮದಿಯಾಗಿ ಮುದುಕರಾಗುತ್ತಾರೆ. ಗೊತ್ತೇ ಇಲ್ಲದಿದ್ದರೆ ಮೊದಲ ಲಕ್ಷಣವೇ ಸಾವಾಗಬಹುದು. ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗಿದ್ದರೆ ಪ್ರತಿಯೊಂದು ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಹುಡುಗಿಗೆ ಇತ್ತು, ಆಕೆಯ ತಾಯಿಗೂ, ಅಂದರೆ ಅಜ್ಜನ ಜೊತೆ ಬಂದ ಈ ಮಗಳಿಗೂ, ಇತ್ತು. ತಾಯಿಗೆ ಯಾರಿಂದ ಬಂತು, ಆ ಕಡೆ ಇನ್ನು ಯಾರ ಎದೆಯಲ್ಲಿ ಅಡಗಿ ಕೂತಿದೆ ಎಂದು ಪತ್ತೆ ಹಚ್ಚಿ, ಅವರನ್ನು ಎಚ್ಚರಿಸಬೇಕಿತ್ತು.

ಹಾಗಾಗಿ ನಾನು ಅಜ್ಜನನ್ನು, "ನಿಮ್ಮ ಮನೆಯವರ ಬಗ್ಗೆ ಸ್ವಲ್ಪ ಹೇಳಿ" ಎಂದು ಕೇಳಿದ್ದು. ಸ್ವಲ್ಪ ಎಂಬ ಮಾತನ್ನು ದುಭಾಷಿ ಹೇಳಿದರೋ ಇಲ್ಲವೋ ಗೊತ್ತಿಲ್ಲ.

"ಬರ್ಕೋ ಮಗಳೇ. ನಮ್ಮ ಮೊದಲನೆಯವನು ಮೂಡಣದ ಕಡೆಯಿಂದ ಓಡಿ ಬಂದವನು. ಸುಂಕದವನನ್ನ ಕೊಂದಿದ್ದ. ಒಂದು ಮಂದೆ ಆಡು, ಒಂದು ನಾಯಿ. ಕಣಿವೇಲಿ ಆಗಲೇ ಬೇರೆ ಜನ ಇದ್ರು, ನಮಗಿಂತ ಹಳಬರು. ಚಳಿಗಾಲ ಕಳೆಯಕ್ಕೆ ಜಾಗ ಕೊಡಿ ಅಂದ. ನೀರಿಲ್ಲದ ಬಂಡೆ ತೋರಿಸಿದ್ರು, ಸತ್ತರೆ ಸಾಯಲಿ ಅಂತ."

ಅವನು ಸಾಯಲಿಲ್ಲ. ಆ ಹಳಬರಲ್ಲೇ ಒಬ್ಬನ ಮನೆಯಲ್ಲಿ ಕುರಿ ಕಾಯಲು ನಿಂತ. ಆ ಮನೆಯಲ್ಲಿ ಕಾಲು ಕುಂಟುವ ಮಗಳೊಬ್ಬಳಿದ್ದಳು, ಯಾರೂ ಕೇಳಿ ಬಂದಿರಲಿಲ್ಲ. ಅವಳನ್ನೂ ಒಂದು ತಾಮ್ರದ ಹಂಡೆಯನ್ನೂ ಇವನಿಗೆ ಕೊಟ್ಟರು. ನಾಲ್ವರು ಗಂಡುಮಕ್ಕಳಾದರು, ನಾಲ್ಕು ಕವಲುಗಳಾದವು, ಒಂದೊಂದು ಕವಲಿಗೆ ಒಂದೊಂದು ಹುಲ್ಲುಗಾವಲು. ಕಿರಿಯವನಿಗೆ ಅಪ್ಪನ ಒಲೆ. ಸುಲ್ತಾನನ ಸೈನಿಕರು ಕಲ್ಲಿನ ಮನೆಗಳನ್ನು ಸುಟ್ಟದ್ದು, ಇವರು ಮತ್ತೆ ಕಟ್ಟಿದ್ದು, ಮತ್ತೆ ಸುಟ್ಟದ್ದು, ಆಮೇಲೆ ಯಾರೋ ದೂರದಲ್ಲಿ ಕೂತು ನಕ್ಷೆಯ ಮೇಲೆ ಗಡಿ ಎಳೆದಾಗ ಬೇಸಿಗೆಯ ಹುಲ್ಲುಗಾವಲು ಪರದೇಶಕ್ಕೆ ಸೇರಿಹೋದದ್ದು, ಎಲ್ಲವನ್ನೂ ಅಜ್ಜ ನಿನ್ನೆ ಮೊನ್ನೆ ನಡೆದ ಹಾಗೆ ಹೇಳಿದರು. ಕಮ್ಯುನಿಸ್ಟರ ಕಾಲದಲ್ಲಿ ಕುಲದ ಹೆಸರು ಹೇಳಿಕೊಳ್ಳುವುದೇ ತಪ್ಪಾಗಿತ್ತಂತೆ. ಇವರ ಅಜ್ಜ ಆಡು ಮೇಯಿಸುವಾಗ, ಸುತ್ತ ಯಾರೂ ಇಲ್ಲದ್ದು ನೋಡಿ, ಮೊಮ್ಮಗನ ಕಿವಿಯಲ್ಲಿ ಈ ಹೆಸರುಗಳನ್ನು ತುಂಬಿದ್ದರು.

ನಿಜ ಹೇಳಬೇಕೆಂದರೆ ನನಗೆ ಖುಷಿಯಾಗಿತ್ತು. ಕ್ಲಿನಿಕ್ಕಿನಲ್ಲಿ ಇಂಥ ಭಾಗ್ಯ ಯಾರಿಗೆ ಸಿಗುತ್ತದೆ? ಎರಡನೆಯ ಕಾಗದವನ್ನು ಅಂಟಿಸಿ ಬರೆದುಕೊಂಡೆ. ಬರೆದು ಮುಗಿಸಿ ನೋಡಿದರೆ ಮೇಲಿಂದ ಕೆಳಗಿನವರೆಗೆ ಬರೀ ಚೌಕಗಳು. ಒಂದು ವೃತ್ತವೂ ಇಲ್ಲ.

"ಹೆಂಗಸರು?" ಎಂದೆ.

"ಹೆಂಗಸರು ಹೊರಗಿಂದ ಬಂದವರು. ಕುಲದೊಳಗೆ ಎಲ್ಲಾ ಅಣ್ಣ ತಂಗಿ, ಮದುವೆ ಆಗೋ ಹಾಗಿಲ್ಲ. ಘಟ್ಟ ದಾಟಿ ಬೇರೆ ಕುಲದಿಂದ ತರಬೇಕು."

"ಆ ಕುಂಟುವ ಹುಡುಗಿಯ ಹೆಸರಾದರೂ?"

ಅಜ್ಜ ಕಣ್ಣು ತೆರೆದು ನನ್ನನ್ನೇ ನೋಡಿದರು. ಎಪ್ಪತ್ತು ದಾಟಿದ ಆ ಮನುಷ್ಯನಿಗೆ ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ ಎಂದು ಕಾಣುತ್ತದೆ. "ಗೊತ್ತಿಲ್ಲ" ಎಂದರು. ನಾನೊಂದು ವೃತ್ತ ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ಕೊನೆಗೆ ತಮ್ಮ ಚೌಕದ ಕೆಳಗೆ ಬೆರಳಿಟ್ಟು, "ಇಲ್ಲಿ ನನ್ನ ಮಗ. ಗೆರೆ ಎಳಿ" ಎಂದರು. ಹದಿನಾರನೆಯ ವಯಸ್ಸಿಗೆ ನದಿಯಲ್ಲಿ ಮುಳುಗಿ ಹೋಗಿದ್ದ. ಒಳ್ಳೆಯ ಈಜುಗಾರ. ನಾನು ಓರೆಗೆರೆ ಎಳೆದೆ. ಪಕ್ಕದಲ್ಲಿ ಕೂತಿದ್ದ ಮಗಳು, ಅವನ ಬೆನ್ನಿಗೆ ಹುಟ್ಟಿದ ತಂಗಿ, ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಈಜು ಬಲ್ಲ ಹುಡುಗ, ತಣ್ಣೀರು, ಸದ್ದಿಲ್ಲದ ಸಾವು. ಚೌಕದೊಳಗೆ ಕಪ್ಪು ತುಂಬಲೋ ಬೇಡವೋ ಎಂದು ನನ್ನ ಪೆನ್ನು ಅನುಮಾನಿಸಿತು. ಪುರಾವೆ ಇಲ್ಲದೆ ತುಂಬುವ ಹಾಗಿಲ್ಲ.

ಅಜ್ಜನ ರಕ್ತ ತೆಗೆದು ಕಳಿಸಿದೆವು. ಕೆಲವು ವಾರಗಳ ಮೇಲೆ ಬಂದ ವರದಿಯಲ್ಲಿ ದೋಷ ಇರಲಿಲ್ಲ. ಅಂದರೆ ಅಷ್ಟು ತಲೆಮಾರಿನ ಚೌಕಗಳಲ್ಲಿ ನನಗೆ ಬೇಕಾದದ್ದು ಒಂದೂ ಇರಲಿಲ್ಲ. ದೋಷ ಬಂದದ್ದು ಅಜ್ಜಿಯ ಕಡೆಯಿಂದ. ಆಕೆ ಮೂರು ವರ್ಷದ ಕೆಳಗೆ ಇಲ್ಲೇ ಬಾರ್ಕಿಂಗಿನ ಫ್ಲಾಟಿನಲ್ಲಿ ನಿದ್ದೆಯಲ್ಲೇ ಹೋಗಿದ್ದರು. ಬೆಟ್ಟದಾಚೆಯ ಇನ್ನೊಂದು ಕುಲದ ಮಗಳು. ಅಲ್ಲಿ ಆಕೆಯ ಅಣ್ಣ, ಅಣ್ಣನ ಮಕ್ಕಳು, ಮೊಮ್ಮಕ್ಕಳು ಇದ್ದರು. ಅವರಲ್ಲಿ ಯಾರ ಎದೆ ಯಾವತ್ತು ನಿಲ್ಲುತ್ತದೋ ಗೊತ್ತಿರಲಿಲ್ಲ.

ವರದಿಯನ್ನು ಮೊದಲು ಮಗಳಿಗೆ ತಿಳಿಸಿದೆ. ಆಕೆಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ದುಭಾಷಿ ಬೇಕಾಗಿರಲಿಲ್ಲ. ಕೇಳಿದವರೇ ನನ್ನ ತೋಳು ಹಿಡಿದುಕೊಂಡರು.

"ಅಪ್ಪಂಗೆ ಹೇಳ್ಬೇಡಿ ಪ್ಲೀಸ್. ಆವತ್ತು ಆಡು ಹೊಡ್ಕೊಂಡು ಬರಕ್ಕೆ ಅಣ್ಣನ್ನ ನದಿ ದಾಟ್ಸಿ ಕಳ್ಸಿದ್ದು ಅಪ್ಪನೇ. ಅಮ್ಮ ಇದ್ದಷ್ಟು ದಿನ, ನಿಮ್ಮಿಂದ ಹೋದ ಅಂತ ಒಂದೇ ಒಂದು ಮಾತು ಆಡ್ಲಿಲ್ಲ. ಈಗ ಅವಳಿಲ್ಲದೇ ಇರುವಾಗ, ಅವಳಿಂದ ಹೋದ ಅಂತ ನಾವು ಅನ್ನೋದಾ? ಅಪ್ಪ ಅವಳ ಮೇಲೆ ಹಾಕಿಬಿಟ್ರೆ ನನ್ನ ಕೈಲಿ ತಡ್ಕೊಳ್ಳಕ್ಕಾಗಲ್ಲ."

ನನಗೆ ಅಳು ಬಂತು. ಬಂದರೂ ಬರದ ಹಾಗೆ ಕೂತುಕೊಳ್ಳುವುದು ನಮ್ಮ ತರಬೇತಿಯ ಒಂದು ಪಾಠ. "ಯಾರಿಂದಲೂ ಅಲ್ಲ" ಎಂದೆ. "ಆದರೆ ನಿಮ್ಮ ಸೋದರಮಾವನ ಮನೆಯವರಿಗೆ ತಿಳಿಸಲೇಬೇಕು."

ಅದಕ್ಕೊಂದು ಪದ್ಧತಿ ಇದೆ. ನಾವು ನೇರವಾಗಿ ಯಾರಿಗೂ ಹೇಳುವ ಹಾಗಿಲ್ಲ, ಅವರು ನಮ್ಮ ರೋಗಿಗಳಲ್ಲ. ಒಂದು ಪತ್ರ ಬರೆದು ಕೊಡುತ್ತೇವೆ, ಮನೆಯವರು ಅದನ್ನು ತಮ್ಮ ನೆಂಟರಿಗೆ ತಲುಪಿಸಬೇಕು. ಪತ್ರವನ್ನು ಅವರ ಭಾಷೆಗೆ ಮಾಡಿಸಿ ಕೊಟ್ಟೆ. ಮಗಳು ಫೋನಿನಲ್ಲಿ ಮಾವನ ಮೊಮ್ಮಗಳೊಬ್ಬಳನ್ನು ಹುಡುಕಿ ಅವಳಿಗೆ ಪತ್ರ ಕಳಿಸಿದರು. ಉತ್ತರ ಮಾರನೆಯ ದಿನವೇ ಬಂತು: ಆ ಮನೆಯಿಂದ ನಮಗೆ ಕಾಗದ ಬೇಡ. ಹೇಳುವುದಿದ್ದರೆ ಮನೆಯ ಯಜಮಾನ ಬಾಯಿಬಿಟ್ಟು ಹೇಳಲಿ. ಎಷ್ಟೋ ವರ್ಷದ ಹಿಂದೆ ಹೇಳಬೇಕಾಗಿದ್ದು ಇನ್ನೂ ಬಾಕಿ ಇದೆ.

ಆಗ ಮಗಳು ಉಳಿದದ್ದನ್ನು ಹೇಳಿದರು. ಅವರಲ್ಲಿ ಸಾವಾದರೆ ತಾಯಿಯ ತವರಿಗೆ ಆಳು ಓಡಬೇಕು. ಸೋದರಮಾವ ಬಂದು ಹೆಣದ ಮುಂದೆ ನಿಂತು ಎದೆ ಬಡಿದುಕೊಂಡು ಅತ್ತ ಮೇಲೇ ಎತ್ತುವುದು. ಹುಡುಗ ಮುಳುಗಿದ್ದು ದೇಶದಲ್ಲಿ ಸರ್ಕಾರವೇ ಕುಸಿದು, ಕಂಡಕಂಡವರ ಕೈಯಲ್ಲಿ ಬಂದೂಕಿದ್ದ ವರ್ಷ. ಅಜ್ಜ ಘಟ್ಟದಾಚೆಗೆ ಸುದ್ದಿ ಕಳಿಸಲಿಲ್ಲ. ಸುಮ್ಮನೆ ಮಣ್ಣು ಮಾಡಿ, ಕೆಲವು ತಿಂಗಳಲ್ಲಿ ಹೆಂಡತಿ ಮಗಳನ್ನು ಕಟ್ಟಿಕೊಂಡು ದೇಶ ಬಿಟ್ಟರು. ಅಂದಿನಿಂದ ಭಾವ ಭಾವಮೈದರಿಗೆ ಮಾತಿಲ್ಲ. ಅಜ್ಜಿ ಸತ್ತಾಗ ಮಗಳು ಕಳಿಸಿದ ಸುದ್ದಿಗೂ ಅಲ್ಲಿಂದ ಜವಾಬು ಬಂದಿರಲಿಲ್ಲ.

ನಾನು ಸ್ವಲ್ಪ ಮುಂಗೋಪಿ. ಆ ಸಂಜೆ ಈಸ್ಟ್ ಹ್ಯಾಮಿನ ಮನೆಗೆ ಬಂದು ಚೀಲ ಎಸೆದು, ಜೀವ ಹೋಗುವ ವಿಷಯದಲ್ಲೂ ಮರ್ಯಾದೆ ಎಣಿಸುತ್ತಾರಲ್ಲ ಎಂದು ಗೊಣಗಿಕೊಂಡೆ. ಆ ಬೇಸಿಗೆ ಊರಿಂದ ಬಂದಿದ್ದ ಅಮ್ಮ ಅಡುಗೆಮನೆಯಲ್ಲಿ ನೀರುದೋಸೆ ಹೊಯ್ಯುತ್ತಿದ್ದರು. ರೋಗಿಗಳ ಸುದ್ದಿ ಮನೆಯಲ್ಲಿ ಎತ್ತುವ ಹಾಗಿಲ್ಲ, ಹಾಗಾಗಿ ಸುತ್ತಿ ಬಳಸಿ ಕೇಳಿದೆ. "ಅಮ್ಮ, ನಮ್ಮಲ್ಲಿ ಸೋದರಮಾವನಿಗೆ ಸಾವಿನ ಸುದ್ದಿ ಹೇಳದಿದ್ದರೆ?"

ಅಮ್ಮ ಕಾವಲಿಯ ಮೇಲಿನ ಕಣ್ಣು ತೆಗೆಯಲಿಲ್ಲ. "ಎಂತ ಮಾತು ಮಾರಾಯ್ತಿ ಇದು? ಮಾವ ಬಾರದೆ ಹೆಣ ಎತ್ತುದುಂಟಾ? ಮಕ್ಕಳು ಅವರದ್ದಲ್ವಾ? ಅಪ್ಪ ಎಷ್ಟು ಅತ್ತರೂ ಅಪ್ಪನೇ. ಹಾಗೆ ಮಾಡಿದ ಮನೆಗೆ ನಾನಾದ್ರೂ ನೀರು ಮುಟ್ಟಲಿಕ್ಕೆ ಹೋಗುದಿಲ್ಲ."

ನನ್ನ ಸಿಟ್ಟು ಅಲ್ಲೇ ಇಳಿಯಿತು. ನಮ್ಮದು ಅಳಿಯಸಂತಾನದ ಮನೆ. ಹುಟ್ಟಿದ ಮಗುವಿಗೆ ತಾಯಿಯ ಬಳಿ, ಅಂದರೆ ತಾಯಿಯದೇ ಕುಲ, ಮನೆಗೆ ಸೋದರಮಾವ ಯಜಮಾನ. ಕಾನೂನು ಬದಲಾಗಿ ಎಷ್ಟೋ ಕಾಲವಾಗಿರಬಹುದು, ಅಮ್ಮನ ತಲೆಯಲ್ಲಿ ಬದಲಾಗಿಲ್ಲ. ಆ ಘಟ್ಟದಾಚೆಯ ಮಾವ ನನಗೆ ಹಟಮಾರಿ ಮುದುಕನಾಗಿ ಕಾಣುವುದು ನಿಂತು, ನೊಂದವನಾಗಿ ಕಂಡ. ಪತ್ರ ಕಳಿಸಿ ಕೈ ತೊಳೆದುಕೊಳ್ಳುವ ದಾರಿ ಇನ್ನು ನನಗಿರಲಿಲ್ಲ. ಅಜ್ಜನಿಗೆ ಹೇಳಲೇಬೇಕು ಎಂದು ಮಗಳನ್ನು ಒಪ್ಪಿಸಿದೆ. ಒಪ್ಪುವುದಕ್ಕೆ ಆಕೆಗೆ ಹತ್ತಿರ ಹತ್ತಿರ ಎರಡು ವಾರ ಬೇಕಾಯಿತು.

"ಆಸ್ಪತ್ರೆಲಿ ಬೇಡ. ಮನೆಗೆ ಬನ್ನಿ. ಅಪ್ಪ ಅತಿಥಿಗಳ ಮುಂದೆ ಕೂಗಾಡಲ್ಲ" ಎಂದರು. ನಮ್ಮ ಸೀನಿಯರ್ ಹತ್ತಿರ ಅನುಮತಿ ತೆಗೆದುಕೊಂಡು, ದುಭಾಷಿಯನ್ನೂ ಕರೆದುಕೊಂಡು, ಒಂದು ಶುಕ್ರವಾರ ಬಾರ್ಕಿಂಗಿಗೆ ಹೋದೆ. ಕೌನ್ಸಿಲ್ ಫ್ಲಾಟು, ಊರಾಡಳಿತ ಬಾಡಿಗೆಗೆ ಕೊಡುವ ಮನೆ. ಲಿಫ್ಟ್ ಕೆಟ್ಟಿತ್ತು, ಐದು ಮಹಡಿ ಹತ್ತಿ ಏದುಸಿರು ಬಿಡುತ್ತಾ ನಿಂತೆ. ಅಜ್ಜ ಬಿಳಿಯ ಉಣ್ಣೆಯ ಟೋಪಿ ಹಾಕಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದರು. ಕಿಟಕಿಯ ಪಕ್ಕದ ಒಳ್ಳೆಯ ಕುರ್ಚಿ ನನಗೆ. ಪುಟ್ಟ ಬಟ್ಟಲಲ್ಲಿ ಗಟ್ಟಿ ಕಾಫಿ ಬಂತು. ಅದನ್ನು ಕುಡಿದು ಮುಗಿಸುವವರೆಗೆ ಬಂದ ಕೆಲಸದ ಸುದ್ದಿ ಎತ್ತುವ ಹಾಗಿರಲಿಲ್ಲ.

ಬಟ್ಟಲು ಕೆಳಗಿಟ್ಟು ಹೇಳಿದೆ. ನಿಮ್ಮಲ್ಲಿ ಈ ದೋಷ ಇಲ್ಲ. ನಿಮ್ಮ ಮಗಳಲ್ಲಿದೆ, ಮೊಮ್ಮಗಳಲ್ಲಿದೆ. ನಿಮ್ಮ ಮಗನಲ್ಲೂ ಇದ್ದಿರಬಹುದು. ಈಗ ಖಂಡಿತವಾಗಿ ಹೇಳಲು ಸಾಧ್ಯವಿಲ್ಲ, ಆದರೆ ಈಜು ಬಲ್ಲವನು ಹಾಗೆ ಮುಳುಗಿದ್ದಕ್ಕೆ ಇದೇ ಕಾರಣ ಎಂದು ನಮ್ಮ ಡಾಕ್ಟರೂ ಅನ್ನುತ್ತಾರೆ. ಆ ದಿನ ಅಲ್ಲದಿದ್ದರೆ ಇನ್ನೊಂದು ದಿನ, ಆ ನೀರಲ್ಲದಿದ್ದರೆ ಇನ್ನೊಂದು ನೀರು.

ದುಭಾಷಿ ಹೇಳಿ ಮುಗಿಸಿದ ಮೇಲೆ ಅಜ್ಜ ತಮ್ಮ ಬಟ್ಟಲನ್ನು ನನ್ನ ಬಟ್ಟಲಿನ ಪಕ್ಕಕ್ಕೆ ಸರಿಸಿದರು. ಆಮೇಲೆ ಮೆಲ್ಲಗೆ, "ಅಂದ್ರೆ ಅವಳ ಕಡೆಯದು" ಎಂದರು.

ಮಗಳು ಎದ್ದು ಅಡುಗೆಮನೆಗೆ ಹೋದರು. ನಲ್ಲಿ ತಿರುಗಿಸಿದ ಸದ್ದು ಕೇಳಿತು, ಪಾತ್ರೆ ತೊಳೆಯುವ ಸದ್ದು ಕೇಳಲಿಲ್ಲ. ನಾನು ತಡವರಿಸಿದೆ. ಯಾರೂ ಇದನ್ನು ಆರಿಸಿಕೊಂಡು ಮಕ್ಕಳಿಗೆ ಕೊಡುವುದಿಲ್ಲ ಎಂದು ನಾವು ಹೇಳುವ ಸಿದ್ಧ ಮಾತೊಂದಿದೆ. ಹೇಳಿದೆ. ನನಗೇ ಸಪ್ಪೆ ಅನಿಸಿತು. ಅಜ್ಜನ ಮುಖ ಗಂಟಿಕ್ಕಿಯೇ ಇತ್ತು, ಆದರೂ ಮನೆಗೆ ಬಂದವಳ ಮುಂದೆ ಹಾಗೆ ಕೂರುವುದು ತರವಲ್ಲ ಎಂದು ಅವರಿಗೆ ತೋಚಿರಬೇಕು. ಮಾತು ತಿರುಗಿಸಿದರು.

"ನಿಂದು ಯಾವ ಕುಲ ಮಗಳೇ? ನಿಮ್ಮ ದೇಶದಲ್ಲಿ ಕುಲ ಇದೆಯಾ?"

"ನಮ್ಮ ಕಡೆ ಬಳಿ ಅಂತೀವಿ. ಒಂದೇ ಬಳಿಯವರು ಮದುವೆ ಆಗಲ್ಲ."

"ಮರ್ಯಾದಸ್ಥ ಜನ" ಎಂದರು ಅಜ್ಜ, ನನ್ನನ್ನು ಹೊಸದಾಗಿ ನೋಡುತ್ತಾ. "ಎಷ್ಟು ತಲೆಮಾರು ಹೇಳ್ತೀಯ?"

"ಅಪ್ಪಂದಿರದ್ದು ಮೂರು. ಅಮ್ಮಂದಿರದ್ದು ಆರು ಹೇಳಬಲ್ಲೆ."

ದುಭಾಷಿ ತಪ್ಪು ಹೇಳಿದರು ಎಂದುಕೊಂಡು ಅಜ್ಜ ಮತ್ತೆ ಕೇಳಿಸಿದರು. ನಾನು ಬಿಡಿಸಿ ಹೇಳಿದೆ. ನಮ್ಮಲ್ಲಿ ಮಕ್ಕಳು ತಾಯಿಯ ಮನೆಯವರು. ಯಜಮಾನ ಸೋದರಮಾವ. ಆಸ್ತಿಯೂ ಅವನಿಂದ ಅಳಿಯನಿಗೆ ಹೋಗುತ್ತಿತ್ತು.

"ಅಪ್ಪ?"

"ಅಪ್ಪ ಅವರಕ್ಕನ ಮನೆಯವರು."

ಅಜ್ಜ ನಕ್ಕುಬಿಟ್ಟರು. ಹೊಟ್ಟೆ ಕುಲುಕುವ ಹಾಗೆ ನಕ್ಕು ಕಣ್ಣು ಒರೆಸಿಕೊಂಡರು. "ಪಾಪದ ಗಂಡಸರು. ನೆಂಟರ ಹಾಗೆ ಬಂದು ಹೋಗೋದಾ?" ಎಂದರು. ದುಭಾಷಿಯೂ ನಕ್ಕರು. ಅಡುಗೆಮನೆಯ ಬಾಗಿಲಲ್ಲಿ ಮಗಳು ಬಂದು ನಿಂತರು.

ನಗು ನಿಂತ ಮೇಲೆ ಅಜ್ಜ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು. "ಹಾಗಾದ್ರೆ, ನಿಮ್ಮ ಲೆಕ್ಕದಲ್ಲಿ, ನನ್ನ ಮಗ ಯಾರವನು?"

ಇದು ಕೌನ್ಸೆಲರ್ ಉತ್ತರಿಸಬಾರದ ಪ್ರಶ್ನೆ. ನಮ್ಮ ಅಭಿಪ್ರಾಯ, ನಮ್ಮ ಮನೆಯ ಸುದ್ದಿ ತರಬಾರದು ಎಂದು ಮೊದಲ ವರ್ಷವೇ ಕಲಿಸಿರುತ್ತಾರೆ. ನಾನು ಆಗಲೇ ಅರ್ಧ ದಾರಿ ದಾಟಿ ಬಂದಿದ್ದೆ. ಮುಂದಕ್ಕೇ ಹೋಗೋಣ ಎಂದು ನಿರ್ಧರಿಸಿದೆ.

"ಅವನು ಅವನ ಸೋದರಮಾವನ ಮನೆಯ ಹುಡುಗ."

ದುಭಾಷಿ ನನ್ನ ಮುಖ ನೋಡಿ, ಹೇಳಲೇ ಎಂದು ಕಣ್ಣಲ್ಲೇ ಕೇಳಿ, ಹೇಳಿದರು. ಅಜ್ಜ ಟೋಪಿಯ ಅಂಚನ್ನು ಬೆರಳಿನಿಂದ ಸವರುತ್ತಾ ಕೂತರು. ಕೆಳಗೆ ರಸ್ತೆಯಲ್ಲಿ ಬಸ್ಸೊಂದು ನಿಂತು ಹೊರಟಿತು.

"ಅವಳು ಘಟ್ಟ ದಾಟಿ ಬಂದಾಗ ಮಂಜು ಮೊಣಕಾಲುದ್ದ ಇತ್ತು" ಎಂದರು. "ಕುದುರೆ ಮೇಲೆ ಕೂತಿದ್ಲು, ಮುಖಕ್ಕೆ ಕೆಂಪು ಬಟ್ಟೆ. ಅಣ್ಣನೇ ಲಗಾಮು ಹಿಡಿದು ಅರ್ಧ ದಾರಿ ಬಂದಿದ್ದ. ಅವಳು ನನಗೆ ಇಬ್ಬರನ್ನ ಕೊಟ್ಲು. ಅವರ ಹುಡುಗನ್ನ ನಾನು ಅವರಿಗೆ ಹೇಳದೆ ಮಣ್ಣು ಮಾಡಿದೆ." ಆಮೇಲೆ ಮಗಳ ಕಡೆ ತಿರುಗಿ ನೇರವಾಗಿ ಏನೋ ಹೇಳಿದರು. ಮಗಳು ಬಾಯಿಗೆ ಕೈ ಅಡ್ಡ ಹಿಡಿದರು. ದುಭಾಷಿ ನನಗೆ ಹೇಳಿದರು: "ಮಾವನನ್ನ ಫೋನಿನಲ್ಲಿ ಕರಿ ಅಂದರು."

ಕರೆಯುವುದು ಅಷ್ಟು ಸುಲಭವಾಗಲಿಲ್ಲ. ಮಗಳು ಆ ಮೊಮ್ಮಗಳ ಮೂಲಕ ಹೇಳಿ ಕಳಿಸಿದ ಮೇಲೆ ಆ ಕಡೆಯಿಂದ ದಿನ ಗೊತ್ತಾಗಬೇಕಿತ್ತು. ಒಮ್ಮೆ ಗೊತ್ತಾದ ದಿನ ಬೆಟ್ಟದಲ್ಲಿ ನೆಟ್‌ವರ್ಕ್ ಇರಲಿಲ್ಲ. ಅಷ್ಟರಲ್ಲಿ ಬೇಸಿಗೆ ಏರುತ್ತಿತ್ತು. ಅಲ್ಲಿನ ಮಕ್ಕಳೆಲ್ಲ ಈಗ ನದಿಯಲ್ಲೇ ಇರುತ್ತಾರೆ ಎಂದು ಮಗಳು ಅಂದಾಗಿನಿಂದ ನನಗೆ ಊಟ ರುಚಿಸುತ್ತಿರಲಿಲ್ಲ. ಯಾರ ಹೆಸರೂ ಗೊತ್ತಿಲ್ಲದ, ಮುಖ ಕಾಣದ ಮಕ್ಕಳಿಗಾಗಿ ಟ್ಯೂಬ್ ರೈಲಿನಲ್ಲಿ ನಿಂತಲ್ಲೇ ಪ್ರಾರ್ಥಿಸಿದ್ದೇನೆ.

ಕೊನೆಗೆ ಒಂದು ಭಾನುವಾರ ಅದೇ ಫ್ಲಾಟಿನಲ್ಲಿ, ಮೇಜಿನ ಮೇಲೆ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ದುಭಾಷಿಯೂ ಸೇರಿ, ಕೂತೆವು. ಅಜ್ಜ ಶೇವ್ ಮಾಡಿಕೊಂಡು, ಕೋಟು ತೊಟ್ಟು ಕೂತಿದ್ದರು. ತೆರೆಯ ಮೇಲೆ ಕಲ್ಲಿನ ಗೋಡೆಯ ಕೋಣೆ, ಬಿಳಿ ಟೋಪಿಯ ಇನ್ನೊಬ್ಬ ಮುದುಕ, ಅವರೇ ಆ ಸೋದರಮಾವ, ಹಿಂದೆ ಸಾಲಾಗಿ ನಿಂತ ಮನೆಯವರು. ಇಬ್ಬರು ಮುದುಕರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಮಾವ ಕಾಫಿಯ ಜೋಡಿ ಬಟ್ಟಲು ತರಿಸಿದರು. ಮಗಳು ನನ್ನ ಕಿವಿಯಲ್ಲಿ, "ಹಿಂದಿನ ಕಾಲದಲ್ಲಿ ಕರ್ತವ್ಯ ತಪ್ಪಿದವನಿಗೆ ಕಾಫಿನ ಮಂಡಿ ಕೆಳಗಿಂದ ದಾಟಿಸಿ ಕೊಡ್ತಿದ್ರು. ಎಲ್ಲರ ಮುಂದೆ ಅವಮಾನ. ಅಪ್ಪ ಅದನ್ನೇ ನೋಡ್ತಿದ್ದಾರೆ" ಎಂದರು. ಅಜ್ಜನ ಕಣ್ಣು ಆ ಕೈಯನ್ನು ಬಿಟ್ಟು ಕದಲಿರಲಿಲ್ಲ. ಮಾವ ಒಂದು ಬಟ್ಟಲನ್ನು ತಮ್ಮ ಮುಂದಿಟ್ಟುಕೊಂಡು, ಇನ್ನೊಂದನ್ನು ಎದೆಯೆತ್ತರಕ್ಕೆ ಎತ್ತಿ, ಮಂಡಿಯ ಮೇಲಿನಿಂದಲೇ ತಂದು, ಫೋನಿನ ಎದುರಿಗೆ, ಅಜ್ಜನಿಗೆಂದು ಇಟ್ಟರು.

ಅಜ್ಜನ ಬಾಯಿ ಆಗ ತೆರೆಯಿತು. "ದಾರೀಲಿ ಗುಂಡು ಹಾರ್ತಿತ್ತು ಅಂತ ಎಲ್ಲರಿಗೂ ಹೇಳಿದೀನಿ. ಅದು ನೆಪ. ಒಬ್ಬನ್ನ ಕಳಿಸಬಹುದಿತ್ತು. ಹುಡುಗನ್ನ ನೀರಿಗೆ ಇಳಿಸಿದ್ದು ನಾನು. ನಿನ್ನ ಮುಖ ನೋಡೋ ಧೈರ್ಯ ಇರಲಿಲ್ಲ."

ಮಾವ ಉತ್ತರಿಸಿದರು. "ಸಂತೆಗೆ ಹೋದವರು ಬಂದು ಹೇಳಿದರು. ಹೆಣ ಇಲ್ಲ, ಗುಂಡಿ ಇಲ್ಲ. ನಾವು ಇಲ್ಲೇ ಅಂಗಳದಲ್ಲಿ ನಿಂತು ಅವನಿಗೆ ಅತ್ತೆವು. ನೀನೂ ಇರಬೇಕಿತ್ತು."

ಇಬ್ಬರೂ ಅತ್ತರು. ನಾವು ಹೆಂಗಸರು ಅಳದೆ ಕೂರುವುದಕ್ಕೆ ಏನೂ ಕಾರಣವಿರಲಿಲ್ಲ, ಅತ್ತೆವು. ದುಭಾಷಿ ಕೂಡ.

ಆಮೇಲೆ ನನ್ನ ಕೆಲಸ. ವಿಷಯ ವಿವರಿಸಿ, ಮನೆಯವರ ಹೆಸರು ಕೇಳಿದೆ. ಮಾವ ಕಣ್ಣು ಮುಚ್ಚಿ ತಮ್ಮ ಅಪ್ಪ, ಅಜ್ಜ, ಮುತ್ತಜ್ಜ ಎಂದು ಶುರು ಮಾಡಿದರು. ಮತ್ತೆ ಚೌಕಗಳು. ನಾನು ತಡೆಯುವ ಮೊದಲೇ ಹಿಂದಿನಿಂದ ಒಬ್ಬ ಮುದುಕಿ ಅವರನ್ನು ಪಕ್ಕಕ್ಕೆ ಸರಿಸಿ ಫೋನಿನ ಮುಂದೆ ಕೂತರು. ಮಾವನ ಹೆಂಡತಿ. ಆಕೆಯೂ ಇನ್ನೊಂದು ಘಟ್ಟದಿಂದ ಆ ಮನೆಗೆ ಬಂದವರು.

"ಹೆಣ್ಣುಮಕ್ಕಳದ್ದು ನಾನು ಹೇಳ್ತೀನಿ" ಎಂದರು. ಯಾರನ್ನು ಯಾವ ಕಣಿವೆಗೆ ಕೊಟ್ಟರು, ಯಾರಿಗೆ ಎಷ್ಟು ಮಕ್ಕಳು, ಯಾರು ಹೆರಿಗೆಯಲ್ಲಿ ಹೋದರು, ಗಂಡನ ತಂಗಿಯೊಬ್ಬಳು ನೀರಿನ ಕೊಡ ಹೊತ್ತು ಏರು ಹತ್ತುವಾಗ ಚಿಕ್ಕ ವಯಸ್ಸಿನಲ್ಲೇ ಕುಸಿದು ಸತ್ತದ್ದು. ಎಲ್ಲವೂ ಆಕೆಗೆ ಗೊತ್ತಿತ್ತು. ನನ್ನ ಕಾಗದದ ಮೇಲೆ ವೃತ್ತಗಳು ತುಂಬಿದವು. ಮೊಮ್ಮಕ್ಕಳ ಸಾಲಿಗೆ ಬಂದಾಗ ಆಕೆ ಒಬ್ಬ ಹುಡುಗನ ಹೆಸರು ಹೇಳಿದರು. ಹದಿನೈದು ವರ್ಷ. "ಇವನು ಎರಡು ಸಲ ಚೆಂಡು ಆಡ್ತಾ ಬಿದ್ದಿದ್ದ. ಬಿಸಿಲಿಗೆ ಅಂದುಕೊಂಡ್ವಿ."

ದುಭಾಷಿ ಆ ಹೆಸರನ್ನು ಹೇಳುವುದಕ್ಕೆ ಮೊದಲೇ ನನಗೆ ತಿಳಿದಿತ್ತು. ಅಜ್ಜನ ಮಗನ ಚೌಕದ ಕೆಳಗೆ ನಾನೇ ಬರೆದಿದ್ದ ಹೆಸರು ಅದು. ಸತ್ತ ಹುಡುಗನ ಹೆಸರನ್ನು ಅವರು ತಮ್ಮ ಮನೆಯ ಮಗುವಿಗೆ ಇಟ್ಟಿದ್ದರು. ಅಜ್ಜ ಮೇಜಿನ ಅಂಚನ್ನು ಹಿಡಿದುಕೊಂಡರು. ನಾನು ಚೌಕ ಬರೆದು, ಹೆಸರು ಬರೆದು, ಓರೆಗೆರೆ ಇಲ್ಲದ ಆ ಚೌಕವನ್ನು ನೋಡುತ್ತಾ ಕೂತೆ. ಮೊದಲು ಇವನನ್ನೇ ಕರೆದುಕೊಂಡು ಹೋಗಿ, ನಾಳೆಯೇ ಹೋಗಿ, ಅಲ್ಲಿಯವರೆಗೆ ಓಡಿಸಬೇಡಿ, ನೀರಿಗೆ ಬಿಡಬೇಡಿ ಎಂದು ಮೂರು ಸಲ ಹೇಳಿಸಿದೆ.

ಕೆಳಗಿನ ಪೇಟೆಯ ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು. ಅದರ ಚಿತ್ರ ಫೋನಿನಲ್ಲಿ ಬಂದಾಗ ನಾನು ನಮ್ಮ ಹೃದಯದ ಡಾಕ್ಟರ ಹಿಂದೆಯೇ ನಿಂತಿದ್ದೆ. ಅವರು ಸ್ಕೇಲಿಟ್ಟು ಅಳೆದು, ಕನ್ನಡಕ ತೆಗೆದು, ಉದ್ದ ಇದೆ ಎಂದು ತಲೆಯಾಡಿಸಿದರು. ಆ ಮನೆಯಲ್ಲಿ ಇನ್ನಿಬ್ಬರು ಹೆಣ್ಣುಮಕ್ಕಳಿಗೂ ಇತ್ತು. ಅಲ್ಲಿನ ಡಾಕ್ಟರಿಗೆ ನಮ್ಮವರು ಪತ್ರ ಬರೆದರು, ಮಾತ್ರೆ ಶುರುವಾಯಿತು.

ಸುದ್ದಿ ತಿಳಿಸಲು ಅಜ್ಜನನ್ನೂ ಮಗಳನ್ನೂ ಕ್ಲಿನಿಕ್ಕಿಗೆ ಕರೆಸಿದೆ. ಹುಡುಗ ಮಾತ್ರೆ ನುಂಗುತ್ತಿದ್ದಾನೆ, ಹೀಗೇ ನುಂಗಿದರೆ ಬಾಳುತ್ತಾನೆ ಎಂದೆ. ಅಜ್ಜ ಎಲ್ಲವನ್ನೂ ಕೇಳಿಸಿಕೊಂಡು, ಒಂದೇ ಪ್ರಶ್ನೆ ಕೇಳಿದರು.

"ಈಜಬಹುದಾ?"

"ಬೇಡ. ಆ ತಣ್ಣನೆಯ ನದಿಯಲ್ಲಂತೂ ಬೇಡವೇ ಬೇಡ."

ಅಜ್ಜ ಕೋಟಿನ ಜೇಬಿನಿಂದ ಫೋನು ತೆಗೆದು, ಮಗಳ ಕೈಗೆ ಕೊಡದೆ, ತಾವೇ ನಂಬರು ಒತ್ತಿದರು. ಆ ಕಡೆಯಿಂದ ಮಾವನ ದನಿ ಬಂತು. ಅಜ್ಜ ನಮಸ್ಕಾರ ಕೂಡ ಹೇಳದೆ ಒಂದು ಮಾತನ್ನು ಹೇಳಿದರು, ಮತ್ತೆ ಅದನ್ನೇ ಹೇಳಿದರು. ಮಗಳು ನನ್ನ ಕಡೆ ಬಾಗಿ, "ಹುಡುಗನ್ನ ನದಿಗೆ ಕಳಿಸಬೇಡ ಅಂತಿದ್ದಾರೆ" ಎಂದರು. ಅಜ್ಜ ಮೂರನೆಯ ಸಲವೂ ಅದನ್ನೇ ಹೇಳಿದರು.

ಆ ಕಡೆಯಿಂದ ಏನೋ ಉತ್ತರ ಬಂತು. ಅಜ್ಜ ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿಸಿಕೊಂಡರು.

"ಮಾವ ಏನಂದರು?" ಎಂದು ಮಗಳನ್ನು ಕೇಳಿದೆ.

"ನೀನೇ ಬಂದು ಅವನಿಗೆ ಹೇಳು ಅಂದರು."

ಅಜ್ಜ ಟೋಪಿಯಿಲ್ಲದ ತಲೆಯನ್ನು ಒಮ್ಮೆ ಸವರಿಕೊಂಡು, ಘಟ್ಟದ ದಾರಿಗೆ ಮಂಜು ಬೀಳಲು ಇನ್ನೂ ಎಷ್ಟು ದಿನ ಇದೆ ಎಂದು ಭಾವನನ್ನು ಕೇಳಿದರು.